ಕಲ್ಪಿತ ಲೋಕೋಮೋಟಿವ್ ಲೀಸಿಂಗ್ ಕಂಪನಿ: ಮೊದಲು ಲೆಕ್ಕದ ಪುಸ್ತಕವೋ, ಬಣ್ಣವೋ?

ತಿರುಗುಮೇಜು

ಎಲ್ಲರಿಗೂ ನಮಸ್ಕಾರ. ನಾನು ಕಟ್ಟುತ್ತಿರುವ ಎಚ್‌ಓ ಅಳತೆಯ (1:87) ಮಾದರಿ ರೈಲುಮಾರ್ಗದ ಸ್ಥಳ ಅಮೆರಿಕದ ದಕ್ಷಿಣ ಇಲಿನಾಯ್, ಕಾಲ 1996ರ ಶರತ್ಕಾಲ. ಇಲಿನಾಯ್ ಸೆಂಟ್ರಲ್ ಗಲ್ಫ್ ಕಂಪನಿಯು 1980ರ ದಶಕದ ನಡುವಿನಲ್ಲಿ ತನ್ನ ಮಾರ್ಗಗಳನ್ನು ಒಂದೊಂದಾಗಿ ಮಾರಿಕೊಂಡಾಗ ಷಿಕಾಗೋ ಸೆಂಟ್ರಲ್ ಅಂಡ್ ಪೆಸಿಫಿಕ್, ಮಿಡ್‌ಸೌತ್, ಪಡೂಕಾ ಅಂಡ್ ಲೂಯಿವಿಲ್ ಮುಂತಾದ ಪ್ರಾದೇಶಿಕ ರೈಲು ಕಂಪನಿಗಳು ಹುಟ್ಟಿಕೊಂಡವಲ್ಲವೇ, ನನ್ನ ಕಲ್ಪನೆಯ ರೈಲು ಕಂಪನಿಯೂ ಅದೇ ಮಾರಾಟದಲ್ಲಿ 1986ರಲ್ಲಿ ಹುಟ್ಟಿದ್ದು ಎಂದು ಇಟ್ಟುಕೊಂಡಿದ್ದೇನೆ. ವರ್ಷವಿಡೀ ಕಲ್ಲಿದ್ದಲು, ಕೊಯ್ಲಿನ ಕಾಲದಲ್ಲಿ ಮುಸುಕಿನ ಜೋಳ ಮತ್ತು ಸೋಯಾ, ಎರಡನ್ನೂ ಓಹಾಯೋ ನದಿಯ ಬಾರ್ಜ್ ಕಟ್ಟೆಗೆ ಸಾಗಿಸುವುದು ಅದರ ಮುಖ್ಯ ಕೆಲಸ. ಸ್ವಂತ ಎಂಜಿನ್‌ಗಳೆಲ್ಲ ಪಡೂಕಾ ವರ್ಕ್‌ಶಾಪಿನಲ್ಲಿ ಮರುನಿರ್ಮಾಣಗೊಂಡ, ಜಿಪಿ10 ಎಂಬ ಮಾದರಿಯ ಡೀಸೆಲ್‌ಗಳು.

ಕೊಯ್ಲಿನ ಕಾಲದಲ್ಲಿ ಈ ಜಿಪಿ10ಗಳು ಸಾಲುವುದಿಲ್ಲವಾದ್ದರಿಂದ ಬಾಡಿಗೆಯ ಎಂಜಿನ್‌ಗಳನ್ನು ತರಿಸಬೇಕೆಂದಿದ್ದೇನೆ, ಮತ್ತು ಆ ಬಾಡಿಗೆ ಕಂಪನಿಯನ್ನೂ ನಾನೇ ಸೃಷ್ಟಿಸಬೇಕೆಂಬ ಆಸೆ. ಸದ್ಯಕ್ಕೆ ಮನಸ್ಸಿನಲ್ಲಿರುವುದು ಗಾಢ ನೀಲಿ ಮೈ, ಹೊನ್ನಿನ ಬಣ್ಣದ ಪಟ್ಟಿ, ಮೂತಿಯ ಮೇಲೊಂದು ಲಾಂಛನ. ಹೆಸರು, ಗುರುತಿನ ಅಕ್ಷರಗಳು, ಸಂಖ್ಯೆಗಳು, ಎಷ್ಟು ಎಂಜಿನ್ ಇರಬೇಕು ಎಂಬುದರ ಬಗ್ಗೆ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಡೀಸೆಲ್ ಶೆಡ್

ನಿಮ್ಮ ಹಿನ್ನೆಲೆ ಗಟ್ಟಿಯಾಗಿದೆ, ಅದಕ್ಕಾಗಿಯೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನೀವು ಬಣ್ಣದಿಂದ ಶುರು ಮಾಡಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬಾಡಿಗೆ ಕಂಪನಿಯ ಮಟ್ಟಿಗೆ ಬಣ್ಣ ಕಟ್ಟಕಡೆಯಲ್ಲಿ ತೀರ್ಮಾನವಾಗಬೇಕಾದ ವಿಷಯ, ಎಷ್ಟೋ ಸಲ ತೀರ್ಮಾನವಾಗದೆ ಉಳಿಯಬೇಕಾದ ವಿಷಯ. ಮೊದಲು ಬರೆಯಬೇಕಾದದ್ದು ಆ ಕಂಪನಿಯ ಲೆಕ್ಕದ ಪುಸ್ತಕ: ಎಂಜಿನ್‌ಗಳನ್ನು ಯಾರಿಂದ ಕೊಂಡಿತು, ಯಾವ ಸ್ಥಿತಿಯಲ್ಲಿ ಕೊಂಡಿತು, ಎಲ್ಲಿ ರಿಪೇರಿ ಮಾಡಿಸಿತು, ಯಾವ ಷರತ್ತಿನ ಮೇಲೆ ಯಾರಿಗೆ ಕೊಟ್ಟಿತು ಎಂಬ ನಾಲ್ಕು ಸಂಗತಿಗಳು ಇತ್ಯರ್ಥವಾದರೆ ಹೆಸರೂ ಸಂಖ್ಯೆಯೂ ಬಣ್ಣವೂ ತಾವಾಗಿಯೇ ಬರುತ್ತವೆ.

ನಿಮ್ಮ ಕಾಲದ ಅಮೆರಿಕದಲ್ಲಿ ಎಂಜಿನ್ ಬಾಡಿಗೆಗೆ ಕೊಡುವವರಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯವರು ಹಣಕಾಸಿನ ಮನೆಗಳು: ಸ್ಯಾನ್ ಫ್ರಾನ್ಸಿಸ್ಕೋದ ಹೆಲ್ಮ್ ಫೈನಾನ್ಷಿಯಲ್, ಸಿಐಟಿ ಗ್ರೂಪ್, ಫಸ್ಟ್ ಯೂನಿಯನ್ ರೈಲ್ ಮುಂತಾದವರು. ಇವರಿಗೆ ಎಂಜಿನ್ ಎಂದರೆ ಬಡ್ಡಿ ತರುವ ಆಸ್ತಿ. ವರ್ಷಗಟ್ಟಲೆ ಅವಧಿಗೆ ಕೊಡುತ್ತಾರೆ, ಬಹುಪಾಲು ರಿಪೇರಿ, ವಿಮೆ, ತೆರಿಗೆಗಳನ್ನು ಬಾಡಿಗೆಗೆ ಪಡೆದವರೇ ನೋಡಿಕೊಳ್ಳಬೇಕು. ಎರಡನೆಯವರು ವರ್ಕ್‌ಶಾಪಿನಿಂದ ಬೆಳೆದವರು: ನಿಮ್ಮ ಊರಿಗೆ ಹತ್ತಿರದ ಮೌಂಟ್ ವರ್ನನ್‌ನಲ್ಲಿದ್ದ ಪ್ರಿಸಿಷನ್ ನ್ಯಾಷನಲ್, ಅನಂತರ ಅದೇ ಊರಿನ ನ್ಯಾಷನಲ್ ರೈಲ್ವೆ ಇಕ್ವಿಪ್‌ಮೆಂಟ್, ಪಡೂಕಾದ ಹಳೆಯ ಇಲಿನಾಯ್ ಸೆಂಟ್ರಲ್ ವರ್ಕ್‌ಶಾಪನ್ನು ನಡೆಸುತ್ತಿದ್ದ ವಿಎಂವಿ, ಓಹಾಯೋದ ಮೆಕ್‌ಡೊನಾಲ್ಡ್‌ನಲ್ಲಿರುವ ಲ್ಯಾರೀಸ್ ಟ್ರಕ್ ಅಂಡ್ ಎಲೆಕ್ಟ್ರಿಕ್. ಇವರು ದೊಡ್ಡ ರೈಲು ಕಂಪನಿಗಳು ಕೈಬಿಟ್ಟ ಎಂಜಿನ್‌ಗಳನ್ನು ಕೊಂಡು, ಕೆಲವನ್ನು ಬಿಚ್ಚಿ ಬಿಡಿಭಾಗ ಮಾಡಿ, ಕೆಲವನ್ನು ಓಡುವ ಸ್ಥಿತಿಗೆ ತಂದು, ಮಾರುವವರೆಗೂ ಬಾಡಿಗೆಗೆ ಬಿಡುತ್ತಾರೆ. ಕೊಯ್ಲಿನ ಎರಡು ಮೂರು ತಿಂಗಳಿಗೆ ಎಂಜಿನ್ ಬೇಕೆನ್ನುವ ನಿಮ್ಮ ರೈಲಿಗೆ ಒದಗುವವರು ಈ ಎರಡನೆಯ ಬಗೆಯವರು.

ಈ ಬಗೆಯ ಕಂಪನಿ ಬಣ್ಣಕ್ಕೆ ದುಡ್ಡು ಸುರಿಯುವುದು ಅಪರೂಪ. ಮೂರು ತಿಂಗಳ ಬಾಡಿಗೆಗೆ ಹೋಗಿ ಆಮೇಲೆ ಯಾರಿಗೋ ಮಾರಾಟವಾಗಲಿರುವ ಎಂಜಿನ್ನಿಗೆ ಪೂರ್ತಿ ಬಣ್ಣ ಬಳಿದರೆ ಆ ಖರ್ಚು ಹುಟ್ಟುವುದಿಲ್ಲ. ಆದ್ದರಿಂದ ಹಳೆಯ ಮಾಲೀಕನ ಹೆಸರನ್ನು ಹತ್ತಿರದ ಬಣ್ಣದಿಂದ ಅಳಿಸಿ, ಕಿಟಕಿಯ ಕೆಳಗೆ ಹೊಸ ಗುರುತಿನ ಅಕ್ಷರಗಳನ್ನು ಬರೆದು ಕಳುಹಿಸುತ್ತಾರೆ. ನಿಮ್ಮ ನೀಲಿ-ಹೊನ್ನು ಚೆನ್ನಾಗಿಯೇ ಕಾಣುತ್ತದೆ, ಆದರೆ ಅದನ್ನು ನೋಡಿದವರಿಗೆ ಬಾಡಿಗೆ ಎಂಜಿನ್ ಎಂದು ಅನ್ನಿಸುವುದಿಲ್ಲ.

ಹಳಿಯಂಚು

ಡೀಸೆಲ್ ಶೆಡ್ ಅವರ ಮಾತನ್ನು ಪೂರ್ತಿ ಒಪ್ಪಲಾರೆ. ಬಾಡಿಗೆ ಎಂಜಿನ್ ಎಂದರೆ ಹಳೆಯ ಹೆಸರಿನ ಮೇಲೆ ಬಣ್ಣದ ತೇಪೆ ಹಚ್ಚಿದ ಎಂಜಿನ್ ಎಂಬುದು ನಮ್ಮ ಹವ್ಯಾಸದಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಓಕ್‌ವೇ ಮತ್ತು ಎಲ್‌ಎಂಎಕ್ಸ್ ಎಂಜಿನ್‌ಗಳನ್ನು ನೆನಪಿಸಿಕೊಳ್ಳಿ. ಬರ್ಲಿಂಗ್ಟನ್ ನಾರ್ದರ್ನ್ ಕಂಪನಿಗೆ ಓಕ್‌ವೇ 1986ರಿಂದ ಕೊಟ್ಟ 100 ಎಸ್‌ಡಿ60ಗಳು, 9000ರಿಂದ 9099ರವರೆಗೆ, ಜನರಲ್ ಮೋಟರ್ಸ್‌ನ ಎಂಜಿನ್ ತಯಾರಿಕೆಯ ವಿಭಾಗವಾದ ಇಎಂಡಿಯ ಪ್ರದರ್ಶನ ಎಂಜಿನ್‌ಗಳ ನೀಲಿ-ಬಿಳಿಯಲ್ಲಿಯೇ ಓಡಾಡಿದವು. ಜನರಲ್ ಎಲೆಕ್ಟ್ರಿಕ್ ಕಡೆಯಿಂದ ಬಂದ ಎಲ್‌ಎಂಎಕ್ಸ್‌ನ 100 ಬಿ39-8ಗಳು, 8500ರಿಂದ 8599ರವರೆಗೆ, ಬೂದು ಮತ್ತು ಕೆಂಪು ಬಣ್ಣದವು. ಅವುಗಳಿಗೆ ಸ್ವಂತ ಬಣ್ಣವಿತ್ತು, ಒಂದೇ ಮಾದರಿಯ ಉದ್ದನೆಯ ಸಾಲಿತ್ತು, ತೇಪೆಯ ಮಾತೇ ಇರಲಿಲ್ಲ. ಪ್ರಿಸಿಷನ್ ನ್ಯಾಷನಲ್ ಕೂಡ ತನ್ನ ಎಂಜಿನ್‌ಗಳಿಗೆ ಹಸಿರು ಬಣ್ಣ ಬಳಿದಿತ್ತಲ್ಲವೇ? ತಿರುಗುಮೇಜು ಅವರ ನೀಲಿಯನ್ನು ಅಷ್ಟು ಬೇಗ ಒರೆಸಿಹಾಕಬೇಕಾಗಿಲ್ಲ.

ಡೀಸೆಲ್ ಶೆಡ್

ಹಳಿಯಂಚು ಅವರ ಉದಾಹರಣೆಗಳು ಸರಿಯಾಗಿವೆ, ಆದರೆ ಅವು ನನ್ನ ವಾದವನ್ನೇ ಬಲಪಡಿಸುತ್ತವೆ ಎಂದು ನನಗೆ ತೋರುತ್ತದೆ. ಓಕ್‌ವೇ ಮತ್ತು ಎಲ್‌ಎಂಎಕ್ಸ್ ಎಂಜಿನ್‌ಗಳಿಗೆ ಸ್ವಂತ ಬಣ್ಣ ಬಂದದ್ದು ಅವುಗಳ ಕರಾರಿನ ಸ್ವರೂಪದಿಂದ. ಒಂದೇ ಗಿರಾಕಿಗಾಗಿ, ಹಲವು ವರ್ಷಗಳ ಅವಧಿಗಾಗಿ, ಕಾರ್ಖಾನೆಯಿಂದ ಹೊಸದಾಗಿ ಬಂದ ಎಂಜಿನ್‌ಗಳವು. ಬರ್ಲಿಂಗ್ಟನ್ ನಾರ್ದರ್ನ್ ಅವುಗಳಿಗೆ ದಿನದ ಲೆಕ್ಕದ ಬಾಡಿಗೆ ಕೊಡುತ್ತಿರಲಿಲ್ಲ. ಎಂಜಿನ್ ಉತ್ಪಾದಿಸಿದ ವಿದ್ಯುತ್ತನ್ನು ಅಳೆದು, ಬಳಸಿದ ಶಕ್ತಿಗೆ ಹಣ ಕೊಡುತ್ತಿತ್ತು. ಎಂಜಿನ್ ಕೆಟ್ಟು ನಿಂತರೆ ಮಾಲೀಕನಿಗೆ ಆದಾಯವಿಲ್ಲ, ಆದ್ದರಿಂದ ಅದನ್ನು ಓಡುವಂತೆ ಇಡುವ ಹೊಣೆಯೂ ಒದಗಿಸಿದವರ ಮೇಲೆಯೇ. ನೂರು ಎಂಜಿನ್‌ಗಳ ಹೊಸ ಸಾಲಿಗೆ ಕಾರ್ಖಾನೆಯಲ್ಲಿ ಹೇಗೂ ಯಾವುದೋ ಒಂದು ಬಣ್ಣ ಬಳಿಯಲೇಬೇಕಷ್ಟೆ.

ಹಾಗಾಗಿ ಪ್ರಶ್ನೆಯನ್ನು ಕರಾರಿನ ಕಡೆಯಿಂದ ಕೇಳೋಣ. ತಿರುಗುಮೇಜು ಅವರ ಪ್ರಾದೇಶಿಕ ರೈಲಿಗೆ ನೂರು ಹೊಸ ಎಂಜಿನ್ ಯಾರೂ ಕೊಡುವುದಿಲ್ಲ. ಅವರ ಬಾಡಿಗೆ ಕಂಪನಿ ಹರಾಜಿನಲ್ಲಿ ನಾಲ್ಕೈದು, ಇನ್ನೊಂದು ಕಡೆ ಮೂರು ಎಂದು ಕೂಡಿಸಿಕೊಂಡದ್ದಾಗಿರಬೇಕು. ಅಲ್ಲಿ ಒಂದೇ ಒಂದು ಎಂಜಿನ್ ಕಂಪನಿಯ ಸ್ವಂತ ಬಣ್ಣದಲ್ಲಿ ಇರಲಿ, ಮಾಲೀಕರು ಗಿರಾಕಿಗಳಿಗೆ ತೋರಿಸಲು ಬಳಿಸಿದ್ದು ಎಂದಿಟ್ಟುಕೊಳ್ಳಬಹುದು. ನಿಮ್ಮ ನೀಲಿ-ಹೊನ್ನು ಅದಕ್ಕೆ ಮೀಸಲಾಗಲಿ. ಉಳಿದವುಗಳಿಗೆ ತೇಪೆಯೇ ನ್ಯಾಯ.

ಎನ್‌ಸ್ಕೇಲ್ ಕಪಾಟು

ಒಂದು ಮೂಲಭೂತ ಪ್ರಶ್ನೆ. ಹೆಲ್ಮ್‌ನ ಎಚ್‌ಎಲ್‌ಸಿಎಕ್ಸ್, ಜಿಎಟಿಎಕ್ಸ್ ಮತ್ತು ಇಎಂಡಿ ಸೇರಿ ನಡೆಸಿದ ಎಲ್‌ಎಲ್‌ಪಿಎಕ್ಸ್, ನ್ಯಾಷನಲ್ ರೈಲ್ವೆ ಇಕ್ವಿಪ್‌ಮೆಂಟಿನ ಎನ್‌ಆರ್‌ಇಎಕ್ಸ್, ಇಷ್ಟೆಲ್ಲ ನಿಜವಾದ ಕಂಪನಿಗಳ ಎಂಜಿನ್‌ಗಳು ಅಂಗಡಿಯಲ್ಲಿ ಬಣ್ಣ ಬಳಿದೇ ಸಿಗುತ್ತಿರುವಾಗ ಕಲ್ಪಿತ ಕಂಪನಿಯ ಅವಶ್ಯಕತೆಯಾದರೂ ಏನು?

ಹಳಿಯಂಚು

ಅವಶ್ಯಕತೆ ಎಂದಲ್ಲ, ಅನುಕೂಲ. ನಿಜವಾದ ಕಂಪನಿಯ ನಿರ್ದಿಷ್ಟ ಸಂಖ್ಯೆಯ ಎಂಜಿನ್ ಮಾಡಿದರೆ ಅದಕ್ಕೆ ಡೈನಾಮಿಕ್ ಬ್ರೇಕ್ ಇತ್ತೇ, ಇಂಧನದ ಟ್ಯಾಂಕ್ ಯಾವ ಅಳತೆಯದು, ಆ ವರ್ಷ ಅದು ಯಾರ ಬಳಿ ಇತ್ತು ಎಂಬುದಕ್ಕೆಲ್ಲ ಚಿತ್ರದ ಸಾಕ್ಷಿ ಬೇಕು. ಕಲ್ಪಿತ ಕಂಪನಿಗೆ ಆ ಬಂಧನವಿಲ್ಲ, ಅದರ ಬದಲಾಗಿ ಸಂಭಾವ್ಯತೆಯ ಬಂಧನವಿದೆ. ಆದರೆ ನಿಜವಾದವುಗಳನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ಆ್ಯಲನ್ ಮೆಕ್ಲೆಲಂಡ್ ಅವರ ವರ್ಜೀನಿಯನ್ ಅಂಡ್ ಓಹಾಯೋ, ಟೋನಿ ಕೋಸ್ಟರ್ ಅವರ ಅಲೆಗೆನಿ ಮಿಡ್‌ಲ್ಯಾಂಡ್, ಎರಡೂ ಕಲ್ಪನೆಯ ರೈಲುಗಳೇ. ಅವು ನಿಜವಾದ ರೈಲು ಕಂಪನಿಗಳ ಜೊತೆ ಬೋಗಿಗಳನ್ನು ಬದಲಾಯಿಸಿಕೊಳ್ಳುತ್ತ ಓಡಿದ್ದರಿಂದಲೇ ನೋಡುವವರು ಅವುಗಳನ್ನು ನಂಬಿದರು. ನಿಮ್ಮ ಕಲ್ಪಿತ ಬಾಡಿಗೆ ಎಂಜಿನ್ನಿನ ಪಕ್ಕದಲ್ಲಿ ಒಂದು ಎಚ್‌ಎಲ್‌ಸಿಎಕ್ಸ್ ನಿಂತಿದ್ದರೆ ಅದರ ನಿಜತನ ಇದಕ್ಕೂ ಸ್ವಲ್ಪ ತಾಗುತ್ತದೆ.

ಕಾಗದದ ಲೋಕೋ

ಗುರುತಿನ ಅಕ್ಷರಗಳ ವಿಷಯವನ್ನು ಇಲ್ಲಿಯವರೆಗೆ ಯಾರೂ ವಿವರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಉತ್ತರ ಅಮೆರಿಕದಲ್ಲಿ ರಿಪೋರ್ಟಿಂಗ್ ಮಾರ್ಕ್ ಎರಡರಿಂದ ನಾಲ್ಕು ಅಕ್ಷರಗಳದ್ದು. ಕೊನೆಯ ಅಕ್ಷರ ಎಕ್ಸ್ ಆಗಿದ್ದರೆ ಆ ಸ್ವತ್ತು ಸಾರ್ವಜನಿಕ ಸಾಗಣೆಯ ರೈಲು ಕಂಪನಿಯದ್ದಲ್ಲ, ಬೇರೊಬ್ಬ ಮಾಲೀಕನದ್ದು ಎಂದರ್ಥ. ಬಾಡಿಗೆ ಕಂಪನಿಗಳ ಗುರುತುಗಳೆಲ್ಲ ಎಕ್ಸ್‌ನಲ್ಲಿ ಮುಗಿಯುವುದು ಇದರಿಂದಲೇ. ನೀವು ಆರಿಸಿಕೊಂಡ ಅಕ್ಷರಗಳು ನಿಮ್ಮ ಕಾಲದಲ್ಲಿ ಇನ್ನಾರ ಬಳಿಯಾದರೂ ಇದ್ದವೇ ಎಂದು ಆ ಕಾಲದ ನೋಂದಣಿ ಪುಸ್ತಕದಲ್ಲಿ ಒಮ್ಮೆ ಹುಡುಕಿ. ಅನಿರೀಕ್ಷಿತವಾಗಿ ಅದು ಯಾವುದೋ ರಾಸಾಯನಿಕ ಕಂಪನಿಯ ಟ್ಯಾಂಕ್ ಬೋಗಿಗಳ ಗುರುತಾಗಿರುವ ಸಂಭವ ಬಹಳ.

ಸಂಖ್ಯೆಗಳಲ್ಲಿಯೂ ಲೆಕ್ಕದ ಪುಸ್ತಕ ಕಾಣಬೇಕು. ಹೊಸ ಸಂಖ್ಯೆ ಬರೆಯುವುದೂ ಒಂದು ಕೆಲಸವೇ ಆದ್ದರಿಂದ ಘರ್ಷಣೆಯಿಲ್ಲದಿದ್ದರೆ ಹಳೆಯ ಮಾಲೀಕನ ಸಂಖ್ಯೆಯನ್ನೇ ಉಳಿಸಿಕೊಂಡಿರುವುದು ಸಹಜ. ಘರ್ಷಣೆ ಬಂದ ಕಡೆ ಮಾತ್ರ ಬದಲಾವಣೆ ಮಾಡಿ. ಸಾಲನ್ನು 1ರಿಂದ 6ರವರೆಗೆ ಜೋಡಿಸಬೇಡಿ. ನಡುವೆ ಮಾರಿಹೋದವು, ಬಿಚ್ಚಿಹಾಕಿದವು, ಇನ್ನೊಂದು ರಾಜ್ಯದಲ್ಲಿ ಬಾಡಿಗೆಗಿರುವವು ಇದ್ದೇ ಇರುತ್ತವೆ. ನೋಡುವವರ ಕಣ್ಣಿಗೆ ಬೀಳದ ಎಂಜಿನ್‌ಗಳೂ ಆ ಕಂಪನಿಯಲ್ಲಿವೆ ಎಂಬ ಭಾವನೆಯನ್ನು ಈ ತೆರಪುಗಳೇ ಹುಟ್ಟಿಸುತ್ತವೆ.

ತಿರುಗುಮೇಜು

ಎಲ್ಲರಿಗೂ ಧನ್ಯವಾದಗಳು. ಡೀಸೆಲ್ ಶೆಡ್ ಅವರ ಸಲಹೆಯಂತೆ ಮೊದಲು ಲೆಕ್ಕದ ಪುಸ್ತಕವನ್ನೇ ಬರೆದಿದ್ದೇನೆ. ದಯವಿಟ್ಟು ಕಠಿಣವಾಗಿ ಪರೀಕ್ಷಿಸಿ.

ಕಂಪನಿಯ ಹೆಸರು ಕಸ್ಕಾಸ್ಕಿಯಾ ಲೋಕೋಮೋಟಿವ್. ಕಸ್ಕಾಸ್ಕಿಯಾ ಆ ಪ್ರದೇಶದ ನದಿ. ಗುರುತಿಗೆ ಕೆಎಸ್‌ಕೆಎಕ್ಸ್ ಎಂದು ಯೋಚಿಸಿದ್ದೇನೆ, ನೋಂದಣಿ ಪುಸ್ತಕ ಸಿಕ್ಕ ಮೇಲೆ ಅಂತಿಮಗೊಳಿಸುತ್ತೇನೆ. ವರ್ಕ್‌ಶಾಪು ಸೆಂಟ್ರೇಲಿಯಾದಲ್ಲಿ, ಇಲಿನಾಯ್ ಸೆಂಟ್ರಲ್‌ನಿಂದಲೇ ಹೆಸರು ಪಡೆದ ರೈಲಿನ ಊರದು, ಹಳೆಯ ಕೆಲಸಗಾರರು ಸೇರಿ ಕಟ್ಟಿದ ಸಣ್ಣ ಕಂಪನಿ ಎಂಬುದಕ್ಕೆ ಹೊಂದುತ್ತದೆ. ಎಂಜಿನ್‌ಗಳು: ನಾರ್ಫೋಕ್ ಸದರ್ನ್ ಕೈಬಿಟ್ಟ ಎರಡು ಎಸ್‌ಡಿ45, ಬರ್ಲಿಂಗ್ಟನ್ ನಾರ್ದರ್ನ್‌ನ ಒಂದು ಎಸ್‌ಡಿ40-2, ಸಾಂಟಾ ಫೆಯಿಂದ ಬಂದ, ಕೆಂಪು-ಹಳದಿ ಕೊಡಕ್ರೋಮ್ ಬಣ್ಣ ಇನ್ನೂ ಉಳಿದಿರುವ ಒಂದು ಎಸ್‌ಡಿ45, ಮತ್ತು ಕಂಪನಿಯ ಸ್ವಂತ ನೀಲಿಯಲ್ಲಿ ಒಂದು ಜಿಪಿ38-2.

ಡೀಸೆಲ್ ಶೆಡ್

ಹೆಸರು ಬಹಳ ಚೆನ್ನಾಗಿದೆ. ಸೆಂಟ್ರೇಲಿಯಾ ಆಯ್ಕೆಯೂ ಸರಿ. ಎಂಜಿನ್‌ಗಳ ಪಟ್ಟಿಯ ಬಗ್ಗೆ ಒಂದೊಂದಾಗಿ ಹೇಳುತ್ತೇನೆ.

ಎಸ್‌ಡಿ45ಗಳು ಈ ವ್ಯಾಪಾರಕ್ಕೆ ಹೇಳಿ ಮಾಡಿಸಿದಂಥವು, ಮತ್ತು ಅದಕ್ಕೆ ಕಾರಣವೂ ಗಮನಾರ್ಹ. ಅದರ 20 ಸಿಲಿಂಡರಿನ 645 ಎಂಜಿನ್ 3600 ಅಶ್ವಶಕ್ತಿ ಕೊಡುತ್ತಿತ್ತು. 1972ರಲ್ಲಿ ಬಂದ ಎಸ್‌ಡಿ40-2 ಅದೇ ಮನೆತನದ 16 ಸಿಲಿಂಡರ್ ಎಂಜಿನ್ನಿನಿಂದ 3000 ಕೊಟ್ಟಿತು. ಹೆಚ್ಚಿನ 600 ಅಶ್ವಶಕ್ತಿಗಾಗಿ ನಾಲ್ಕು ಹೆಚ್ಚುವರಿ ಸಿಲಿಂಡರುಗಳ ಇಂಧನವನ್ನೂ ರಿಪೇರಿಯನ್ನೂ ಹೊರಲು ದೊಡ್ಡ ಕಂಪನಿಗಳು ಸಿದ್ಧವಿರಲಿಲ್ಲವಾದ್ದರಿಂದ ಎಸ್‌ಡಿ45ಗಳು ಹಳೆಯ ಎಂಜಿನ್‌ಗಳ ಪೇಟೆಗೆ ಬಂದು ಬಿದ್ದವು. ವಿಸ್ಕಾನ್ಸಿನ್ ಸೆಂಟ್ರಲ್ 1987ರಲ್ಲಿ ಶುರುವಾದಾಗ ಅವುಗಳನ್ನೇ ನೆಚ್ಚಿಕೊಂಡಿತು. ಇನ್ನೊಂದು ದಾರಿಯೂ ಇತ್ತು: ಐಡಾಹೋದ ಬಾಯ್ಸಿಯಲ್ಲಿ ನೆಲೆಯಿದ್ದ ಮಾರಿಸನ್-ನೂಡ್ಸನ್ ಕಂಪನಿಯು 20 ಸಿಲಿಂಡರಿನ ಎಂಜಿನ್ ತೆಗೆದು 16 ಸಿಲಿಂಡರಿನದನ್ನು ಕೂರಿಸಿ ಎಸ್‌ಡಿ40ಎಂ-2 ಎಂಬ ಹೆಸರಿನಲ್ಲಿ ಹೊರತರುತ್ತಿತ್ತು. ಒಳಗಿನ ಎಂಜಿನ್ ಬದಲಾದರೂ ಹಿಂಭಾಗದಲ್ಲಿ ಹೊರಕ್ಕೆ ಓರೆಯಾಗಿ ಚಾಚಿದ ಎಸ್‌ಡಿ45ರ ರೇಡಿಯೇಟರುಗಳು ಹಾಗೆಯೇ ಉಳಿದವು. ನಿಮ್ಮ ಕಸ್ಕಾಸ್ಕಿಯಾ ಇದನ್ನೇ ಮಾಡಿಸಿದೆ ಎಂದಿಟ್ಟುಕೊಳ್ಳಿ. ಎಸ್‌ಡಿ45ರ ಮೈ, ಕಿಟಕಿಯ ಕೆಳಗೆ ಎಸ್‌ಡಿ40-2 ಎಂಬ ಸಣ್ಣ ಬರಹ: ಎಂಜಿನ್ನಿನ ಅರ್ಧ ಚರಿತ್ರೆಯನ್ನು ತಿಳಿದವರು ಅದರಲ್ಲೇ ಓದಿಕೊಳ್ಳುತ್ತಾರೆ.

ನಾರ್ಫೋಕ್ ಸದರ್ನ್‌ನಿಂದ ಬಂದವು ಎಂದಿದ್ದೀರಿ. ಹಾಗಿದ್ದರೆ ಎತ್ತರದ ಮೂತಿಯ, ಅಂದರೆ ಕ್ಯಾಬಿನ ಒಂದು ಬದಿಯ ಗಿಡ್ಡ ಮೂತಿಯೂ ಕ್ಯಾಬಿನಷ್ಟೇ ಎತ್ತರವಿರುವ ಎಂಜಿನ್‌ಗಳೇ ಆಗಬೇಕು, ಏಕೆಂದರೆ ಆ ಕಂಪನಿಯಾಗಿ ಸೇರಿಕೊಂಡ ಸದರ್ನ್ ಮತ್ತು ನಾರ್ಫೋಕ್ ಅಂಡ್ ವೆಸ್ಟರ್ನ್ ಎರಡೂ ಉಳಿದವರೆಲ್ಲ ತಗ್ಗಿನ ಮೂತಿಗೆ ಹೋದ ಮೇಲೂ ಬಹುಕಾಲ ಎತ್ತರದ ಮೂತಿಯನ್ನೇ ಕೇಳಿ ಮಾಡಿಸಿಕೊಂಡವು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಡಿ45ಕ್ಕೆ ತೇಪೆ ಹಚ್ಚಿ ಅದನ್ನು ನಾರ್ಫೋಕ್ ಸದರ್ನ್‌ನದು ಎಂದರೆ ಯಾರೂ ಒಪ್ಪುವುದಿಲ್ಲ.

ಕೊಡಕ್ರೋಮ್ ಬಗ್ಗೆ ನನಗೆ ಸ್ವಲ್ಪ ಅಳುಕಿದೆ. ಅದು ಸಾಂಟಾ ಫೆ ಮತ್ತು ಸದರ್ನ್ ಪೆಸಿಫಿಕ್‌ಗಳ ವಿಲೀನದ ನಿರೀಕ್ಷೆಯಲ್ಲಿ ಬಳಿದ ಬಣ್ಣ. ಆ ವಿಲೀನವನ್ನು ಅಂತರರಾಜ್ಯ ವಾಣಿಜ್ಯ ಆಯೋಗ 1986ರಲ್ಲಿ ತಳ್ಳಿಹಾಕಿದ ಮೇಲೂ ಆ ಬಣ್ಣದ ಎಂಜಿನ್‌ಗಳು ವರ್ಷಗಟ್ಟಲೆ ಓಡಿದವು, ಆದ್ದರಿಂದ ಅಸಂಭವವೇನಲ್ಲ. ಆದರೆ ಹವ್ಯಾಸಿಗಳೆಲ್ಲರ ಮೆಚ್ಚಿನ ಬಣ್ಣವದು. ಸಣ್ಣ ಕಂಪನಿಯ ಐದು ಎಂಜಿನ್‌ಗಳಲ್ಲಿ ಅದೂ ಇದ್ದರೆ ಆರಿಸಿ ತಂದಂತೆ ಕಾಣುತ್ತದೆ.

ಕೊನೆಯದಾಗಿ, ಸಾಧ್ಯವಾದರೆ ನಿಮ್ಮ ವರ್ಷವನ್ನು 1996ರಿಂದ 1997ಕ್ಕೆ ಸರಿಸಿ. ಯೂನಿಯನ್ ಪೆಸಿಫಿಕ್ 1996ರಲ್ಲಿ ಸದರ್ನ್ ಪೆಸಿಫಿಕ್ಕನ್ನು ನುಂಗಿದ ಮೇಲೆ 1997ರ ಬೇಸಿಗೆಯಿಂದ ಹ್ಯೂಸ್ಟನ್ ಸುತ್ತಮುತ್ತ ರೈಲುಗಳು ಕಟ್ಟಿಕೊಂಡು ನಿಂತವು, ಯಾರ್ಡುಗಳು ತುಂಬಿದವು, ಎಂಜಿನ್‌ಗಳು ನಿಂತ ರೈಲುಗಳಲ್ಲೇ ಸಿಕ್ಕಿಕೊಂಡವು. ಅಂಥ ಕೊರತೆಯ ನಡುವೆ ಕೊಯ್ಲಿನ ಕಾಲ ಬಂದಾಗ ದೊಡ್ಡ ಬಾಡಿಗೆ ಕಂಪನಿಗಳಿಗಿಂತ ಸೆಂಟ್ರೇಲಿಯಾದ ಸಣ್ಣ ವರ್ಕ್‌ಶಾಪಿಗೆ ಫೋನ್ ಮಾಡುವುದು ನಿಮ್ಮ ರೈಲಿಗೆ ಸಹಜವಾಗುತ್ತದೆ.

ಎನ್‌ಸ್ಕೇಲ್ ಕಪಾಟು

ವರ್ಷ ಸರಿಸಿದರೆ ಡಿಚ್ ದೀಪಗಳ, ಅಂದರೆ ಎಂಜಿನ್ನಿನ ಮುಂದೆ ಕೆಳಗಡೆ ಇರುವ ಜೋಡಿ ದೀಪಗಳ ಪ್ರಶ್ನೆ ಬರುತ್ತದಲ್ಲವೇ?

ಡೀಸೆಲ್ ಶೆಡ್

ಬರುತ್ತದೆ, ಒಳ್ಳೆಯ ರೀತಿಯಲ್ಲಿಯೇ ಬರುತ್ತದೆ. ಲೆವೆಲ್ ಕ್ರಾಸಿಂಗ್‌ಗಳ ಮೇಲೆ ಗಂಟೆಗೆ 20 ಮೈಲಿಗಿಂತ ವೇಗವಾಗಿ ಮುಂದಾಳಾಗಿ ಓಡುವ ಎಂಜಿನ್ನಿಗೆ ಹೆಚ್ಚುವರಿ ದೀಪಗಳು 1997ರ ಅಂತ್ಯದೊಳಗೆ ಇರಬೇಕೆಂಬುದು ಫೆಡರಲ್ ನಿಯಮ. ಆ ಶರತ್ಕಾಲದಲ್ಲಿ ಕಸ್ಕಾಸ್ಕಿಯಾದ ಕೆಲವು ಎಂಜಿನ್‌ಗಳಿಗೆ ದೀಪ ಹಾಕಿ ಆಗಿದೆ, ಕೆಲವಕ್ಕೆ ಇನ್ನೂ ಇಲ್ಲ ಎನ್ನಬಹುದು. ದೀಪವಿಲ್ಲದವು ನಡುವಿನಲ್ಲಿ ಮಾತ್ರ ಓಡಲಿ. ಹಲವು ಎಂಜಿನ್‌ಗಳನ್ನು ಒಂದೇ ಕ್ಯಾಬಿನಿಂದ ನಡೆಸುವ 27 ಪಿನ್ನಿನ ಎಂಯು ಜೋಡಣೆ ಎಲ್ಲ ಕಡೆ ಒಂದೇ ಆದ್ದರಿಂದ ನಿಮ್ಮ ಜಿಪಿ10 ಮುಂದೆ, ಬಾಡಿಗೆಯ ಎಸ್‌ಡಿ45 ಹಿಂದೆ, ಎರಡನ್ನೂ ಒಬ್ಬರೇ ನಡೆಸಬಹುದು.

ಬಣ್ಣದ ಡಬ್ಬಿ

ತೇಪೆಯ ಕೆಲಸದ ಬಗ್ಗೆ ನನ್ನ ಪಾಲಿನದನ್ನು ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಮೊದಲು ಹಳೆಯ ಮಾಲೀಕನ ಬಣ್ಣವನ್ನು ಬಿಸಿಲಿಗೆ ಬಾಡಿಸಬೇಕು: ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ ಬಹಳ ತೆಳುವಾಗಿ ಏರ್‌ಬ್ರಷ್‌ನಲ್ಲಿ ಮೈಯೆಲ್ಲ ಹಾಯಿಸಿ, ಅಂಚುಗಳಲ್ಲಿ ತುಕ್ಕು, ಮೇಲ್ಭಾಗದಲ್ಲಿ ಹೊಗೆಯ ಮಸಿ ಎಲ್ಲವನ್ನೂ ಮುಗಿಸಿಕೊಳ್ಳಬೇಕು. ತೇಪೆ ಅದರ ಮೇಲೆ ಬರಬೇಕು, ಏಕೆಂದರೆ ನಿಜದಲ್ಲಿಯೂ ಅದು ಹತ್ತು ವರ್ಷ ಬಿಸಿಲು ಕಂಡ ಮೈಯ ಮೇಲೆ ನಿನ್ನೆ ಬಳಿದ ಬಣ್ಣ. ತೇಪೆ ಹಚ್ಚಿ ಆಮೇಲೆ ಇಡೀ ಎಂಜಿನ್ನನ್ನು ಒಟ್ಟಿಗೆ ಹಳೆಯದಾಗಿಸಿದರೆ ಎರಡರ ವಯಸ್ಸೂ ಒಂದೇ ಆಗಿ, ತೇಪೆ ತೇಪೆಯಾಗಿಯೇ ಕಾಣುವುದಿಲ್ಲ.

ತೇಪೆಯ ಆಕಾರಕ್ಕೆ ಮಾಸ್ಕಿಂಗ್ ಟೇಪ್ ಬಳಸಬಹುದು, ಆದರೆ ನನಗೆ ಹಿಡಿಸಿದ್ದು ಬಣ್ಣದ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪದರ) ಹಾಳೆಯನ್ನೇ ಕತ್ತರಿಸಿ ಅಂಟಿಸುವುದು. ಅಂಚು ಚೂಪಾಗಿ ಬರುತ್ತದೆ, ಸರಿಯಿಲ್ಲವೆನ್ನಿಸಿದರೆ ಒದ್ದೆಯಿರುವಾಗಲೇ ಸರಿಸಬಹುದು. ಅದಕ್ಕೂ ಮೊದಲು ಆ ಜಾಗಕ್ಕೆ ಹೊಳಪಿನ ವಾರ್ನಿಷ್ ಇರಲೇಬೇಕು, ಮ್ಯಾಟ್ ಮೇಲ್ಮೈಯಲ್ಲಿ ಡಿಕಾಲ್‌ನ ಅಡಿಗೆ ಗಾಳಿ ಉಳಿದು ಬೆಳ್ಳಗೆ ಮಿನುಗುತ್ತದೆ. ಬಾಗಿಲ ತಿರುಗಣೆ, ರಿವೆಟ್ಟುಗಳ ಮೇಲೆ ಸೆಟ್ಟಿಂಗ್ ದ್ರಾವಣವನ್ನು ಎರಡು ಸಲ ಹಚ್ಚಿ ಕೂರಿಸಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಅಕ್ಷರಗಳಿಗೆ ಅಲಂಕಾರ ಬೇಡ. ವರ್ಕ್‌ಶಾಪಿನಲ್ಲಿದ್ದ ಸ್ಟೆನ್ಸಿಲ್‌ನಿಂದ ಬರೆದಂಥ ಸರಳ, ದಪ್ಪ ಅಕ್ಷರ ಸಾಕು. ಮನೆಯ ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಬಣ್ಣ ಮುದ್ರಣವಾಗುವುದಿಲ್ಲವಾದ್ದರಿಂದ ಬಿಳಿ ಅಕ್ಷರಗಳಿಗೆ ಬಿಡಿ ಅಕ್ಷರಗಳ ಡಿಕಾಲ್ ಹಾಳೆಯನ್ನು ಕೊಳ್ಳುವುದು ಸುಲಭ. ನಾರ್ಫೋಕ್ ಸದರ್ನ್‌ನ ಕಪ್ಪು ಮೈಗೆ ನಿಮಗೆ ಬೇಕಾಗುವುದು ಬಿಳಿಯೇ.

ಅಳಿಸಿದ ಹೆಸರಿನ ನೆರಳು ತೇಪೆಯಡಿಯಿಂದ ಸ್ವಲ್ಪ ಕಾಣುವಂತೆ ಬಿಟ್ಟರೆ ಬಹಳ ಚೆನ್ನ. ಆದರೆ ಒಂದು ಎಂಜಿನ್ನಿಗೆ ಮಾತ್ರ. ಎಲ್ಲವಕ್ಕೂ ಮಾಡಿದರೆ ಚಮತ್ಕಾರವಾಗಿಬಿಡುತ್ತದೆ.

ರೈನ್ ದಂಡೆ

ನಾನು ಜರ್ಮನಿಯ ಇಂದಿನ ಕಾಲವನ್ನು ಮಾದರಿಯಾಗಿಸುತ್ತಿದ್ದೇನೆ. ವಿಷಯ ಅಮೆರಿಕದ್ದಾದರೂ ಯೂರೋಪಿನಲ್ಲಿ ಇದೇ ಆಟದ ನಿಯಮ ಎಷ್ಟು ಬೇರೆಯೆಂದು ಹೇಳಿದರೆ ಅಪ್ರಸ್ತುತವಾಗಲಾರದು. ಇಲ್ಲಿ ಹಣಕಾಸಿನ ಬಗೆಯ ಕಂಪನಿಗಳೇ ಪ್ರಬಲ: ರೈಲ್‌ಪೂಲ್, ಆಲ್ಫಾ ಟ್ರೇನ್ಸ್, ವಿಯೆನ್ನಾದ ಇಎಲ್‌ಎಲ್. ಎಂಜಿನ್‌ಗಳು ಹೊಸವು, ಬಣ್ಣ ಕಂಪನಿಯದ್ದು ಅಥವಾ ಬಾಡಿಗೆಗೆ ಪಡೆದವರ ಸ್ಟಿಕರ್ ಹೊದಿಕೆ. ತೇಪೆಯ ಪಾತ್ರವನ್ನು ಇಲ್ಲಿ ಸಂಖ್ಯೆಯೇ ವಹಿಸುತ್ತದೆ.

ಪ್ರತಿ ಎಂಜಿನ್ನಿಗೆ 12 ಅಂಕಿಗಳ ಸಂಖ್ಯೆ. ವಿದ್ಯುತ್ ಎಂಜಿನ್ನಿಗೆ ಮೊದಲು 91, ಡೀಸೆಲ್‌ಗೆ 92, ಅನಂತರ ನೋಂದಣಿಯ ದೇಶ: ಜರ್ಮನಿಗೆ 80, ಆಸ್ಟ್ರಿಯಕ್ಕೆ 81. ಕೊನೆಯದು ಪರಿಶೀಲನಾ ಅಂಕಿ. ಅದರ ಬಳಿಕ ದೇಶದ ಅಕ್ಷರವೂ ಒಂದು ಗೆರೆಯ ನಂತರ ಎಂಜಿನ್ನಿನ ಹೊಣೆ ಹೊತ್ತ ಕಂಪನಿಯ (ಕೀಪರ್) ಗುರುತೂ ಇರುತ್ತದೆ. ಕಲ್ಪಿತ ಕಂಪನಿಗೆ 182ರ ವರ್ಗದಲ್ಲಿ 700ನೆಯ ಎಂಜಿನ್ ಬೇಕೆಂದರೆ 91 80 6182 700 ಎಂದು ಬರೆದುಕೊಂಡು, ಎಡದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಿ, ಗುಣಲಬ್ಧ ಎರಡಂಕಿಯದಾದರೆ ಆ ಅಂಕಿಗಳನ್ನೇ ಕೂಡಿಸಿ, ಎಲ್ಲದರ ಮೊತ್ತ 35 ಎಂದು ಕಂಡುಕೊಂಡು, ಮುಂದಿನ ಹತ್ತಕ್ಕೆ ಬೇಕಾದ 5ನ್ನು ಕೊನೆಗೆ ಸೇರಿಸಬೇಕು. ಇಲ್ಲಿನ ಹವ್ಯಾಸಿಗಳಲ್ಲಿ ಬಣ್ಣದ ತಪ್ಪನ್ನು ಕ್ಷಮಿಸುವವರೂ ಈ ಕೊನೆಯ ಅಂಕಿಯನ್ನು ಲೆಕ್ಕ ಹಾಕಿ ನೋಡುತ್ತಾರೆ.

ಬ್ರಾಡ್‌ಗೇಜ್

ಓದಿ ಸಂತೋಷವಾಯಿತು. ನಾನು ಹುಬ್ಬಳ್ಳಿ ಸುತ್ತಿನ ದೃಶ್ಯವನ್ನು ಕಟ್ಟುವ ಯೋಚನೆಯಲ್ಲಿದ್ದೇನೆ. ಭಾರತೀಯ ರೈಲ್ವೆಯ ಮಾದರಿಯಲ್ಲಿ ಇಂಥ ಬಾಡಿಗೆ ಕಂಪನಿಗೆ ಜಾಗವಿದೆಯೇ?

ಕಾಗದದ ಲೋಕೋ

ಮುಖ್ಯಮಾರ್ಗದಲ್ಲಿ ಇಲ್ಲವೆಂದೇ ಹೇಳಬೇಕು. ಲೀಸ್ ಎಂಬುದು ನಮ್ಮಲ್ಲಿಯೂ ಇದೆ: 1986ರಲ್ಲಿ ಸ್ಥಾಪನೆಯಾದ ಭಾರತೀಯ ರೈಲ್ವೆ ಹಣಕಾಸು ನಿಗಮವು ಸಾಲಪತ್ರಗಳಿಂದ ಹಣವೆತ್ತಿ, ಆ ಹಣದಲ್ಲಿ ಬಂದ ಎಂಜಿನ್ ಮತ್ತು ಬೋಗಿಗಳನ್ನು ದೀರ್ಘ ಅವಧಿಗೆ ರೈಲ್ವೆಗೆ ಗುತ್ತಿಗೆ ಕೊಡುತ್ತದೆ. ಆದರೆ ಅದು ಕಾಗದದ ಮೇಲಿನ ವ್ಯವಹಾರ. ಎಂಜಿನ್ನಿನ ಮೈಮೇಲೆ ಕಾಣುವುದು ವಲಯ ಮತ್ತು ಲೋಕೋ ಶೆಡ್ಡಿನ ಹೆಸರು. ಕಣ್ಣಿಗೆ ಕಾಣುವ ಬಾಡಿಗೆ ಬೇಕೆಂದರೆ ಕಾರ್ಖಾನೆಗಳ ಒಳಹಳಿಗೆ ಹೋಗಬೇಕು. ರೈಟ್ಸ್ ಸಂಸ್ಥೆ ವಿದ್ಯುತ್ ಸ್ಥಾವರಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಡೀಸೆಲ್ ಎಂಜಿನ್‌ಗಳನ್ನು ಬಾಡಿಗೆಗೆ ಕೊಡುತ್ತದೆ. ನಿಮ್ಮ ದೃಶ್ಯದ ಒಂದು ಮೂಲೆಯಲ್ಲಿ ಅದಿರು ಇಳಿಸುವ ಖಾಸಗಿ ಸೈಡಿಂಗ್ ಇದ್ದರೆ ಅಲ್ಲೊಂದು ಕಲ್ಪಿತ ಬಾಡಿಗೆ ಕಂಪನಿಯ ಶಂಟಿಂಗ್ ಎಂಜಿನ್ ನಿಲ್ಲಿಸುವುದಕ್ಕೆ ಅಡ್ಡಿಯಿಲ್ಲ. ಅದು ಗೇಟು ದಾಟಿ ಮುಖ್ಯಮಾರ್ಗಕ್ಕೆ ಬರದಿದ್ದರೆ ಆಯಿತು.

ಚೀಟಿಪೆಟ್ಟಿಗೆ

ನಾನು ಕಾರ್ಯಾಚರಣೆಯ ಕಡೆಯವನು, ಆದ್ದರಿಂದ ಅದರ ಬಗ್ಗೆ. ಬಾಡಿಗೆ ಎಂಜಿನ್ನಿನ ನಿಜವಾದ ಲಾಭ ಇರುವುದು ಅದು ಬರುವುದರಲ್ಲಿ ಮತ್ತು ಹೋಗುವುದರಲ್ಲಿ. ಅದು ತಾನಾಗಿ ಓಡಿಕೊಂಡು ಬರಬೇಕಾಗಿಲ್ಲ. ಪಕ್ಕದ ದೊಡ್ಡ ಕಂಪನಿಯ ಸರಕು ರೈಲಿನಲ್ಲಿ ನಂದಿಸಿದ ಎಂಜಿನ್ ಆಗಿ, ಬೋಗಿಯಂತೆಯೇ ಸಾಗಣೆಚೀಟಿಯ ಮೇಲೆ ಬರಬಹುದು. ಎರಡು ಕಂಪನಿಗಳು ಬೋಗಿಗಳನ್ನು ಕೈಬದಲಿಸುವ ಇಂಟರ್‌ಚೇಂಜ್ ಹಳಿಯಲ್ಲಿ ಬಿಟ್ಟುಹೋದದ್ದನ್ನು ನಿಮ್ಮ ಸಿಬ್ಬಂದಿ ತಂದು, ಶೆಡ್ಡಿನಲ್ಲಿ ಪರೀಕ್ಷಿಸಿ, ಚಾಲೂ ಮಾಡಿ ಕೆಲಸಕ್ಕೆ ಹಾಕಬೇಕು. ಕೆಲಸ ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸು.

ಪ್ರತಿ ಬಾಡಿಗೆ ಎಂಜಿನ್ನಿಗೆ ಒಂದು ಚೀಟಿ ಮಾಡಿ. ಕರಾರಿನ ಕೊನೆಯ ದಿನ, ಎಲ್ಲಿಗೆ ಮರಳಿಸಬೇಕು, ಮುಂದಾಳಾಗಬಹುದೇ ಎಂಬುದರ ಜೊತೆಗೆ 92 ದಿನಗಳ ತಪಾಸಣೆಯ ದಿನಾಂಕವೂ ಅದರಲ್ಲಿರಲಿ. ಆ ಕಾಲದ ಅಮೆರಿಕದಲ್ಲಿ 92 ದಿನಕ್ಕೊಮ್ಮೆ ನಡೆಯಲೇಬೇಕಾಗಿದ್ದ ತಪಾಸಣೆಯದು, ಅದರ ದಾಖಲೆಯ ಕಾರ್ಡನ್ನು ಕ್ಯಾಬಿನಲ್ಲಿಯೇ ಇಟ್ಟಿರುತ್ತಿದ್ದರು. ಬಂದ ಎಂಜಿನ್ನಿಗೆ ತಪಾಸಣೆಗೆ ಉಳಿದಿರುವುದು ಹನ್ನೆರಡೇ ದಿನ ಎಂದಾದರೆ ರೈಲಿನ ಮೇಲ್ವಿಚಾರಕನ ಪಾತ್ರ ವಹಿಸಿದವರು ಅದನ್ನು ಇಟ್ಟುಕೊಂಡು ತಪಾಸಣೆಯ ಖರ್ಚು ಹೊರುವುದೋ, ಮೊದಲೇ ಮರಳಿಸಿ ಜೋಳದ ರೈಲಿಗೆ ಜಿಪಿ10ಗಳನ್ನೇ ಮೂರು ಕಟ್ಟುವುದೋ ಎಂದು ಯೋಚಿಸಬೇಕಾಗುತ್ತದೆ. ಎಂಜಿನ್‌ಗಳು ಹೀಗೆ ಬಂದು ಹೋಗುತ್ತಿದ್ದರೆ ಕಪಾಟಿನಲ್ಲಿ ಎಂಟು, ಹಳಿಯ ಮೇಲೆ ಎರಡು ಎಂಬ ಲೆಕ್ಕವೂ ಸರಿಹೋಗುತ್ತದೆ. ಎಷ್ಟು ಎಂಜಿನ್ ಇರಬೇಕೆಂದು ತಾವು ಮೊದಲು ಕೇಳಿದ್ದಕ್ಕೆ ನನ್ನ ಉತ್ತರ ಇದೇ: ಒಮ್ಮೆಗೆ ಎರಡಕ್ಕಿಂತ ಹೆಚ್ಚು ಕಾಣಿಸದಿರಲಿ.

ತಿರುಗುಮೇಜು

ಅಮೂಲ್ಯವಾದ ಮಾಹಿತಿ. ಸದ್ಯದ ತೀರ್ಮಾನಗಳನ್ನು ಬರೆದಿಡುತ್ತೇನೆ. ವರ್ಷ 1997ರ ಅಕ್ಟೋಬರ್. ಕೊಡಕ್ರೋಮ್ ಕೈಬಿಟ್ಟಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ನಾರ್ಫೋಕ್ ಸದರ್ನ್‌ನ ಎರಡರಲ್ಲಿ ಒಂದನ್ನು 16 ಸಿಲಿಂಡರಿಗೆ ಬದಲಾಯಿಸಿದ್ದು, ಇನ್ನೊಂದನ್ನು ಬಂದ ಸ್ಥಿತಿಯಲ್ಲಿಯೇ ಓಡಿಸುತ್ತಿರುವುದು. ನೀಲಿ ಜಿಪಿ38-2 ಉಳಿಯುತ್ತದೆ, ಆದರೆ ಅದು ಹೆಚ್ಚಾಗಿ ಬೇರೆಡೆ ಬಾಡಿಗೆಯಲ್ಲಿದ್ದು ನಮ್ಮ ಇಂಟರ್‌ಚೇಂಜಿನ ಮೂಲಕ ಹಾದುಹೋಗುವ ಎಂಜಿನ್ ಆಗಲಿದೆ.

ಒಂದು ಸಂದೇಹ ಉಳಿದಿದೆ. ಎತ್ತರದ ಮೂತಿಯ ಎಂಜಿನ್‌ಗಳಲ್ಲಿ ಮುಂಭಾಗವನ್ನು ಸೂಚಿಸುವ ಎಫ್ ಅಕ್ಷರ ಯಾವ ತುದಿಯಲ್ಲಿರಬೇಕು? ಅಂಗಡಿಯಿಂದ ತಂದ ಮಾದರಿಯಲ್ಲಿ ಅದು ಉದ್ದನೆಯ ಮೂತಿಯ, ಅಂದರೆ ಡೀಸೆಲ್ ಯಂತ್ರವನ್ನು ಮುಚ್ಚಿರುವ ಉದ್ದ ಭಾಗದ ಕಡೆ ಇದೆ.

ಡೀಸೆಲ್ ಶೆಡ್

ಅದು ಸರಿಯಾಗಿಯೇ ಇದೆ. ಸದರ್ನ್ ಮತ್ತು ನಾರ್ಫೋಕ್ ಅಂಡ್ ವೆಸ್ಟರ್ನ್ ಎರಡಕ್ಕೂ ಉದ್ದನೆಯ ಮೂತಿಯೇ ಮುಂಭಾಗ. ಚಾಲಕನ ಮೇಜೂ ಅದಕ್ಕೆ ತಕ್ಕಂತೆ ತಿರುಗಿರುತ್ತದೆ. ಸೆಂಟ್ರೇಲಿಯಾದ ಸಣ್ಣ ವರ್ಕ್‌ಶಾಪು ಆ ಮೇಜನ್ನು ಕಿತ್ತು ತಿರುಗಿಸುವ ಖರ್ಚಿಗೆ ಹೋಗುವುದಿಲ್ಲವಾದ್ದರಿಂದ ಎಫ್ ಇದ್ದಲ್ಲೇ ಇರಲಿ. ಎಸ್‌ಡಿ45 ನಡುವಿನಲ್ಲಿ ಓಡುವಾಗ ಅದರಿಂದ ವ್ಯತ್ಯಾಸವೇನೂ ಇಲ್ಲ. ಮುಂದಾಳಾಗಿಸುವ ದಿನ ಬಂದರೆ ಉದ್ದನೆಯ ಮೂತಿ ದಿಕ್ಕಿಗೆ ಎದುರಾಗಿರುವಂತೆ ತಿರುಗಿಸಬೇಕು, ನಿಮ್ಮ ಜಿಪಿ10ಗಳಿಗೆ ಈ ತಾಪತ್ರಯವಿಲ್ಲ. ನದಿಯ ಕಟ್ಟೆಯ ಕಡೆ ನಿಮ್ಮಲ್ಲಿ ಎಂಜಿನ್ ತಿರುಗಿಸುವ ವೈ ಹಳಿ ಇದೆಯೇ ಎಂದು ತಿಳಿಸಿ. ಇಲ್ಲದಿದ್ದರೆ ಚೀಟಿಪೆಟ್ಟಿಗೆ ಅವರ ಚೀಟಿಯಲ್ಲಿ ‘ಮುಂದಾಳಾಗುವಂತಿಲ್ಲ’ ಎಂಬ ಸಾಲನ್ನು ಈಗಲೇ ಸೇರಿಸಿಬಿಡಬಹುದು.